ಸಂಡೂರಿನ ಅರಮನೆ ಯಾರದು?

ಕಮಲಾಪುರದ ಬಳಿ ವಿಜಯನಗರದ ಅರಮನೆಗಳ ತಳಪಾಯಗಳನ್ನು ನೋಡಿದವರು, ಇವು ಯಾರ ಸ್ವತ್ತೆಂದು ಕೇಳುವುದಿಲ್ಲ. ಅರಸರೂ ಹೋದರು, ಅರಮನೆಗಳೂ ಹೋದವು. ಉಳಿದುದನ್ನು ಸರ್ಕಾರ ಕಾಯುತ್ತಿದೆ. ಆದರೆ ಹೊಸಪೇಟೆಯನ್ನು ದಾಟಿ ಸಂಡೂರಿಗೆ ಹೋದರೆ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಇಂದಿಗೂ ನಿಂತಿದೆ. ದೊರೆತನ ಹೋದ ಮೇಲೂ ಮನೆ ಉಳಿದದ್ದು ಹೇಗೆ?

ಬೆಟ್ಟಗಳ ನಡುವಿನ ಈ ಸೀಮೆಯನ್ನು ಬೇಡರ ಪಾಳೆಯಗಾರನಿಂದ ಗೆದ್ದುಕೊಂಡವನು ಸಿದ್ದೋಜಿರಾವ್ ಘೋರ್ಪಡೆ. ಅವನ ಮಗ ಮುರಾರಿರಾವ್ ಹೆಸರಾಂತ ಯೋಧ. 1776ರಲ್ಲಿ ಹೈದರಾಲಿ ಗುತ್ತಿಯ ಕೋಟೆಯನ್ನು ಹಿಡಿದಾಗ ಮುರಾರಿರಾಯನೂ ಸೆರೆಯಾದ, ಸಂಡೂರೂ ಕೈಬಿಟ್ಟಿತು. ಮನೆತನದವರು ಅದನ್ನು ಮರಳಿ ಪಡೆದರೂ 1817ರಲ್ಲಿ ಪೇಶ್ವೆಯ ಹಕ್ಕಿನ ಮಾತು ಬಂದು, ಮನ್ರೋ ಸಾಹೇಬನು ಸೈನ್ಯದೊಡನೆ ಬಂದ. ಶಿವರಾವ್ ಕಾದಾಡದೆ ಬಿಟ್ಟುಕೊಟ್ಟ. ಮರುವರ್ಷವೇ ಸೀಮೆ ಅವನಿಗೆ ಹಿಂದಿರುಗಿತು; 1826ರಲ್ಲಿ ವಂಶಪಾರಂಪರ್ಯದ ಸನದೂ ದೊರೆಯಿತು. ಸುಮಾರು 160 ಚದರ ಮೈಲಿಯ ಈ ಸಂಸ್ಥಾನಕ್ಕೆ ಆ ಕಾಗದವೇ ಆಧಾರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಥಾನದ ಕಾಲದಲ್ಲಿ ಬೊಕ್ಕಸ, ಕಾಡು, ಕಚೇರಿ, ಅರಮನೆ ಎಲ್ಲವೂ ದೊರೆಯದೇ ಎಂದು ಜನ ತಿಳಿದಿದ್ದರು. 1949ರ ಏಪ್ರಿಲ್ 1ರಂದು ಯಶವಂತರಾವ್ ಘೋರ್ಪಡೆಯವರ ಸಂಸ್ಥಾನ ಮದರಾಸು ಪ್ರಾಂತದಲ್ಲಿ ವಿಲೀನವಾದಾಗ ಆ ಗಂಟನ್ನು ಬಿಡಿಸಬೇಕಾಯಿತು. ದೇಶದ ವಿಲೀನ ಒಪ್ಪಂದಗಳ ಪದ್ಧತಿ ಇದು: ಆಡಳಿತಕ್ಕೆ ಸೇರಿದ್ದು ಸರ್ಕಾರಕ್ಕೆ, ದೊರೆಯ ಖಾಸಗಿ ಆಸ್ತಿ ಅವನಿಗೇ. ಖಾಸಗಿಯಾವುದೆಂಬ ಪಟ್ಟಿಯನ್ನು ದೊರೆಯೇ ಒಪ್ಪಿಸಬೇಕು. ಹಾಗಾಗಿ ಸಿಂಹಾಸನ ಹೋದರೂ ಮನೆ ಮನೆತನದ ಕೈಯಲ್ಲಿ ಉಳಿಯಲು ದಾರಿಯಾಯಿತು. ರಾಜಧನ ಮಾತ್ರ 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರದ್ದಾಯಿತು. ಇತ್ತ 1953ರಲ್ಲಿ ಬಳ್ಳಾರಿಯೊಡನೆ ಸಂಡೂರು ಮೈಸೂರಿಗೆ ಸೇರಿತ್ತು.

ಅರಮನೆಯ ಗೋಡೆಯಿಂದಾಚೆ ಲೆಕ್ಕ ಬೇರೆ. ಬೆಟ್ಟದ ಒಡಲಿನ ಕಬ್ಬಿಣ, ಮ್ಯಾಂಗನೀಸುಗಳನ್ನು ತೆಗೆಯಲು ಯಾರಾದರೂ ಸರ್ಕಾರದಿಂದ ಗುತ್ತಿಗೆ ಪಡೆಯಬೇಕು. ಮನೆತನದವರೂ 1954ರಲ್ಲಿ ಗಣಿ ಕಂಪನಿಯನ್ನು ಸ್ಥಾಪಿಸಿದರು. ಮುಂದೆ ಬಳ್ಳಾರಿಯ ಗಣಿಗಾರಿಕೆ ಮಿತಿಮೀರಿದಾಗ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ತಡೆಯಬೇಕಾಯಿತು.

ಇಂದು ಶಿವವಿಲಾಸ ಪ್ರವಾಸಿಗರಿಗೆ ತಂಗುಮನೆ. ಹಣ ಕೊಟ್ಟವರು ಅಲ್ಲಿ ಅತಿಥಿಗಳು. ಕುಮಾರಸ್ವಾಮಿಯ ಗುಡಿಯ ಬಾಗಿಲು ಹರಿಜನರಿಗೆ ತೆರೆದದ್ದು 1932ರಲ್ಲಿ, ದೊರೆತನವಿದ್ದಾಗಲೇ. ಮನೆ ಯಾರದೆಂದು ಕಾಗದ ಹೇಳುತ್ತದೆ. ಬೆಟ್ಟ ಯಾರದೆಂಬುದನ್ನು ಮಾತ್ರ ನಾವು ಅದನ್ನು ಕಾಯುವ ಬಗೆಯೇ ಹೇಳಬೇಕು.