ಮರಳಿ ಬರುವ ರಾಕೆಟ್ಟು: ಲಾಭವೆಷ್ಟು, ಭಾರವೆಷ್ಟು?

ಗುಂಡ್ಲುಪೇಟೆಯಿಂದ ತರಕಾರಿ ಹೊತ್ತು ಬಂಡೀಪುರದ ಕಾಡನ್ನು ದಾಟಿ ಕೇರಳಕ್ಕೆ ತೆರಳುವ ಲಾರಿಯು ಸರಕನ್ನಿಳಿಸಿ ಮರಳಿ ಬರುತ್ತದೆ. ಒಂದೇ ಪ್ರಯಾಣದ ಬಳಿಕ ಲಾರಿಯನ್ನು ಕಣಿವೆಗೆ ನೂಕುವ ಮಾಲೀಕನನ್ನು ಯಾರೂ ಜಾಣನೆನ್ನರು. ರಾಕೆಟ್ಟುಗಳ ವಿಷಯದಲ್ಲಿ ಮಾನವನು ದಶಕಗಳ ಕಾಲ ಮಾಡಿದ್ದು ಇದನ್ನೇ. ಇದಕ್ಕೆ ಕಾರಣ ಅವಿವೇಕವಲ್ಲ, ತೂಕದ ಕಠಿಣ ಲೆಕ್ಕ.

ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟು ನೆಲ ಬಿಡುವಾಗ ಸುಮಾರು ೩೨೦ ಟನ್ ತೂಗುತ್ತದೆ. ೬೦೦ ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಗೆ ಅದು ಮುಟ್ಟಿಸಬಲ್ಲ ಉಪಗ್ರಹದ ತೂಕವಾದರೋ ಸುಮಾರು ೧.೭೫ ಟನ್. ಉಳಿದುದರಲ್ಲಿ ಬಹುಪಾಲು ಇಂಧನವೇ. ಇಂತಹ ವಾಹನವು ಮರಳಿ ಬರಬೇಕಾದರೆ ರೆಕ್ಕೆ, ಗಾಲಿ, ಉಷ್ಣಕವಚಗಳನ್ನಾಗಲಿ ಇಳಿಯಲು ಬೇಕಾದ ಹೆಚ್ಚುವರಿ ಇಂಧನವನ್ನಾಗಲಿ ಹೊರಬೇಕು. ಕಕ್ಷೆಯವರೆಗೂ ಹೋಗುವ ಹಂತಕ್ಕೆ ಒಂದು ಕಿಲೋ ಸೇರಿಸಿದರೆ ಉಪಗ್ರಹದಲ್ಲಿ ಒಂದು ಕಿಲೋ ಕಡಿಮೆಯಾಗಲೇಬೇಕು. ಬೇಗನೆ ಕಳಚಿಕೊಳ್ಳುವ ಮೊದಲ ಹಂತದಲ್ಲಿ ಈ ದಂಡವು ಬಹಳ ಹಗುರ.

೧೯೮೧ರಿಂದ ೨೦೧೧ರವರೆಗೆ ಹಾರಿದ ಅಮೆರಿಕದ ಸ್ಪೇಸ್ ಷಟಲ್ ಮೊದಲಿನ, ದುಬಾರಿಯಾದ ಮಾರ್ಗವನ್ನು ಹಿಡಿಯಿತು. ೩೦ ಟನ್ನಿಗಿಂತ ಕಡಿಮೆ ಸರಕಿಗಾಗಿ ಸುಮಾರು ೭೫ ಟನ್ನಿನ ರೆಕ್ಕೆಯ ವಾಹನವನ್ನೇ ಕಕ್ಷೆಗೇರಿಸಬೇಕಾಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಉಷ್ಣಬಿಲ್ಲೆಗಳ ಪರೀಕ್ಷೆ, ಎಂಜಿನ್ನುಗಳ ದುರಸ್ತಿಗಳಲ್ಲಿ ನಿರೀಕ್ಷಿತ ಉಳಿತಾಯವೆಲ್ಲ ಕರಗಿತು. ೧೩೫ ಹಾರಾಟಗಳಲ್ಲಿ ಎರಡು ವಾಹನಗಳೂ ೧೪ ಜೀವಗಳೂ ನಷ್ಟವಾದವು. ೨೦೦೩ರಲ್ಲಿ ಕಲ್ಪನಾ ಚಾವ್ಲಾ ಅವರನ್ನು ನಾವು ಕಳೆದುಕೊಂಡದ್ದು ರೆಕ್ಕೆಯ ಉಷ್ಣಕವಚಕ್ಕೆ ತಗುಲಿದ ಪೆಟ್ಟಿನಿಂದ.

ಫಾಲ್ಕನ್ ೯ ರಾಕೆಟ್ಟಿನ ನಿರ್ಮಾಪಕರು ಮೊದಲ ಹಂತವನ್ನಷ್ಟೇ ಮರಳಿಸುವ ದಾರಿ ಹಿಡಿದರು. ೨೦೧೫ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಸುರಕ್ಷಿತವಾಗಿ ಇಳಿಸಿ, ೨೦೧೭ರಲ್ಲಿ ಬಳಸಿದ ಹಂತವೊಂದನ್ನು ಮತ್ತೆ ಹಾರಿಸಿದರು. ಇದಕ್ಕೂ ಬೆಲೆಯುಂಟು: ಭೂಸ್ಥಿರ ವರ್ಗಾವಣಾ ಕಕ್ಷೆಗೆ ೮.೩ ಟನ್ ಒಯ್ಯಬಲ್ಲ ವಾಹನವು ಆಗ ೫.೫ ಟನ್ನಿಗೆ ತೃಪ್ತಿಪಡಬೇಕು. ಆಗಾಗ್ಗೆ ಹಾರುವ ವಾಹನಕ್ಕೆ ಈ ನಷ್ಟ ತುಂಬಿಬರುತ್ತದೆ. ವರ್ಷಕ್ಕೆ ಎರಡು ಮೂರು ಸಲವಷ್ಟೇ ಹಾರುವುದಕ್ಕೆ ಬಾರದು.

ಈ ಲೆಕ್ಕವನ್ನು ನಮ್ಮ ಇಸ್ರೋ ಸಂಸ್ಥೆಯು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸುತ್ತಿದೆ. ೨೦೧೬ರ ಮೇ ೨೩ರಂದು ಶ್ರೀಹರಿಕೋಟೆಯಿಂದ ಸುಮಾರು ೬೫ ಕಿ.ಮೀ. ಎತ್ತರಕ್ಕೇರಿದ ರೆಕ್ಕೆಯ ವಾಹನವು ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಬಳಿಕ ನೆಲಕ್ಕಿಳಿಯುವ ಪ್ರಯೋಗಗಳು ನಡೆದದ್ದು ನಮ್ಮ ನಾಡಿನಲ್ಲಿಯೇ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ. ೨೦೨೪ರ ಜೂನ್ ೨೩ರಂದು ಚಿನೂಕ್ ಹೆಲಿಕಾಪ್ಟರು ೪.೫ ಕಿ.ಮೀ. ಎತ್ತರದಲ್ಲಿ ಬಿಟ್ಟ ‘ಪುಷ್ಪಕ’ವು, ಓಡುದಾರಿಯ ನೇರದಿಂದ ೫೦೦ ಮೀಟರು ಪಕ್ಕಕ್ಕಿದ್ದರೂ ತಾನೇ ದಾರಿ ತಿದ್ದಿಕೊಂಡು ಇಳಿಯಿತು. ಅದರ ಗಿಡ್ಡ ರೆಕ್ಕೆಗಳು ಗಾಳಿಯಲ್ಲಿ ಹೆಚ್ಚು ತೇಲಿಸವು; ಆದುದರಿಂದ ಪ್ರಯಾಣಿಕ ವಿಮಾನವು ಗಂಟೆಗೆ ಸುಮಾರು ೨೬೦ ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ ಇದು ಮುಟ್ಟಿದ್ದು ೩೨೦ ಕಿ.ಮೀ.ಗೂ ಮೀರಿದ ವೇಗದಲ್ಲಿ. ರೆಕ್ಕೆಯಲ್ಲಿ ಉಳಿಸಿದ್ದನ್ನು ಗಾಲಿಯೂ ತಡೆಕೊಡೆಯೂ ತೆರಬೇಕಾಯಿತು. ಗಮನಾರ್ಹವೆಂದರೆ, ಹಿಂದಿನ ಮಾರ್ಚಿಯಲ್ಲಿ ಇಳಿದಿದ್ದ ಅದೇ ಒಡಲನ್ನೇ ಬದಲಿಸದೆ ಮತ್ತೆ ಬಳಸಲಾಗಿತ್ತು.

೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಮುಂದಿನ ಪೀಳಿಗೆಯ ಉಡಾವಣಾ ವಾಹನದಲ್ಲಿಯೂ ಮರಳಿ ಬರಬೇಕಾದುದು ಮೊದಲ ಹಂತ ಮಾತ್ರ. ಸಾರ್ವಜನಿಕರ ಹಣದಿಂದ ನಡೆಯುವ ಕಾರ್ಯದಲ್ಲಿ, ಎಸೆಯದಿರುವುದೊಂದೇ ಮಿತವ್ಯಯವಲ್ಲ. ಉಳಿಸಿಕೊಳ್ಳುವುದಕ್ಕೆ ತಗಲುವ ವೆಚ್ಚವನ್ನು ಮೊದಲೇ ಅಳೆಯುವುದೂ ಮಿತವ್ಯಯವೇ. ಈ ಲೆಕ್ಕಕ್ಕೆ ಬೇಕಾದುದು ಪ್ರೌಢಶಾಲೆಯ ಗಣಿತ. ಚಾಮರಾಜನಗರ ಸೀಮೆಯ ನಮ್ಮ ಉಪಾಧ್ಯಾಯರು ಇದನ್ನು ಕಪ್ಪುಹಲಗೆಯ ಮೇಲೆ ಒಮ್ಮೆ ಬಿಡಿಸಿ ತೋರಿಸಬೇಕೆಂದು ವಿನಂತಿ.