ಡಬ್ಬಿಯೊಳಗಿನ ಉಪ್ಪಾಗೆ ಬೊಜ್ಜು ಕರಗಿಸುತ್ತಾ?

ಆನ್‌ಲೈನ್ ಅಂಗಡಿಯಲ್ಲಿ 'ಫ್ಯಾಟ್ ಬರ್ನರ್' ಅಂತ ಹುಡುಕಿ ನೋಡಿ. 'ಗಾರ್ಸೀನಿಯಾ ಕಾಂಬೋಜಿಯಾ' ಅನ್ನೋ ಹೆಸರು ಕಂಡೇ ಕಾಣುತ್ತೆ. ಯಾವುದೋ ವಿದೇಶಿ ಹಣ್ಣು ಅಂದ್ಕೋಬೇಡಿ. ಅದು ನಮ್ಮ ಮಲೆನಾಡಿನ ಉಪ್ಪಾಗೆ. ಕೊಡಗಿನ ಕಾಚಂಪುಳಿ, ಕೇರಳದ ಮೀನು ಸಾರಿಗೆ ಬೀಳುವ ಕುಡಂಪುಳಿ ಎರಡೂ ಇದರದ್ದೇ.

ಹೆಲ್ತ್ ಚೆಕಪ್‌ನಲ್ಲಿ ನನಗೆ 'ಫ್ಯಾಟಿ ಲಿವರ್, ಗ್ರೇಡ್ 1' ಅಂತ ಬಂದಾಗ ಟೀಮ್‌ನ ಗೆಳೆಯನೊಬ್ಬ ಈ ಮಾತ್ರೆ ಹೇಳಿದ. "ನ್ಯಾಚುರಲ್ ಕಣೋ, ಏನೂ ಆಗಲ್ಲ" ಅಂದ. ತಗೊಳ್ಳೋ ಮೊದಲು ಓದೋಣ ಅಂತ ಕೂತೆ.

ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. 1965ರಲ್ಲಿ ಇದನ್ನು ಗುರುತಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ದೇಹ ಹೆಚ್ಚುವರಿ ಸಕ್ಕರೆಯನ್ನು ಕೊಬ್ಬಾಗಿ ಬದಲಾಯಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಎಚ್‌ಸಿಎ ತಡೆಯುತ್ತೆ. ಇಲಿಗಳಲ್ಲಿ ಇದು ಕೆಲಸ ಮಾಡಿತು. ಮಾತ್ರೆ ವ್ಯಾಪಾರ ನಿಂತಿರೋದು ಇದರ ಮೇಲೆಯೇ.

ಮನುಷ್ಯರಲ್ಲಿ? 1998ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನ, 12 ವಾರ. ಎಲ್ಲರಿಗೂ ಒಂದೇ ಪಥ್ಯ: ನಾರು ಹೆಚ್ಚು, ಕ್ಯಾಲೊರಿ ಕಡಿಮೆ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಡಮ್ಮಿ ಮಾತ್ರೆ. ಎಚ್‌ಸಿಎ ಗುಂಪು ಸರಾಸರಿ 3.2 ಕೆಜಿ ಇಳಿಯಿತು. ಡಮ್ಮಿ ಗುಂಪು? 4.1 ಕೆಜಿ! ಲೆಕ್ಕಶಾಸ್ತ್ರದ ಪ್ರಕಾರ ಎರಡೂ ಗುಂಪು ಸಮ. ಕೊಬ್ಬಿನ ಪ್ರಮಾಣದಲ್ಲೂ ವ್ಯತ್ಯಾಸವಿರಲಿಲ್ಲ.

ನಮ್ಮ ಭಾಷೆಯಲ್ಲಿ ಇದು ಎ/ಬಿ ಟೆಸ್ಟ್. ಬಿ ಗುಂಪನ್ನು ಮುಚ್ಚಿಟ್ಟರೆ 'ಮೂರು ತಿಂಗಳಲ್ಲಿ ಮೂರು ಕಿಲೊ' ಅನ್ನೋ ಜಾಹೀರಾತು ರೆಡಿ. ಫೈವ್ ಸ್ಟಾರ್ ರಿವ್ಯೂಗಳೆಲ್ಲ ಎ ಗುಂಪಿನವೇ. ಮಾತ್ರೆ ಶುರು ಮಾಡಿದವರು ಜೊತೆಗೇ ಸಂಜೆಯ ಪಫ್ಸ್ ಬಿಟ್ಟಿರ್ತಾರೆ, ವಾಕಿಂಗ್ ಹಿಡಿದಿರ್ತಾರೆ. ಹೆಸರು ಮಾತ್ರ ಡಬ್ಬಿಗೆ.

ಹೋಗಲಿ, ನಷ್ಟ ದುಡ್ಡಿನದ್ದು ಮಾತ್ರವಾ? ಅಲ್ಲ. ಗಾರ್ಸೀನಿಯಾ ಒಂದನ್ನೇ ತಗೊಂಡವರಲ್ಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ ನಿಜ. ಆದರೆ ಲಿವರ್ ಸರಿಮಾಡೋಕೆ ಹೊರಟವನು ಲಿವರ್ ಮೇಲೇ ಯಾಕೆ ಜೂಜಾಡಬೇಕು? ಸಾರಿಗೆ ಹಾಕುವ ಎರಡು ಸಿಪ್ಪೆಗೂ ದಿನಾ ನುಂಗುವ ಸಾಂದ್ರ ಸತ್ವಕ್ಕೂ ಬಹಳ ಅಂತರವಿದೆ.

ನಾನು ಆರಿಸಿಕೊಂಡಿದ್ದು ಡಮ್ಮಿ ಗುಂಪಿನ ದಾರಿ, ಮಾತ್ರೆ ಬಿಟ್ಟು. ರಾತ್ರಿ ಅನ್ನ ಅರ್ಧ, ಪಲ್ಯ ಎರಡರಷ್ಟು, ಕಾಲ್‌ಗಳನ್ನು ನಡೀತಾ ಮುಗಿಸೋದು. ತೂಕದಲ್ಲಿ ಶೇ 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತೆ. 82 ಕೆಜಿಯವರಿಗೆ ಅದು 4.1 ಕೆಜಿ. ಆ ಡಮ್ಮಿ ಗುಂಪು ಇಳಿಸಿದ್ದೂ ಅಷ್ಟೇ!

ನೀವು ಈಗಾಗಲೇ ಇಂಥ ಮಾತ್ರೆ ತಗೊಳ್ತಿದ್ದರೆ ಡಬ್ಬಿಯ ಫೋಟೊ ನಿಮ್ಮ ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಹೋಗಿ.