ಕಂಪ್ಯೂಟರ್ ಕಲಿಯಹೊರಟ ಮಕ್ಕಳು ಮತ್ತು ತೋಟದ ಫಸಲು

ಕೊಯ್ಲು ಮುಗಿದು, ಕಳೆದ ಮಾರ್ಚಿಯಲ್ಲಿ ಸಾಲದ ಅರ್ಜಿಗಳನ್ನು ವಿಂಗಡಿಸುತ್ತಿದ್ದಾಗ ಮೂರು ಅರ್ಜಿಗಳು ನಮ್ಮ ಕೈಯನ್ನು ತಡೆದು ನಿಲ್ಲಿಸಿದವು. ಗೊಬ್ಬರಕ್ಕೆ, ಮೈಲುತುತ್ತಕ್ಕೆ, ಬೇಲಿಗೆ ಎಂದು ಸಾಲ ಕೇಳುವುದು ವಾಡಿಕೆ. ಈ ಮೂವರು ಸದಸ್ಯರು ಕೇಳಿದ್ದು ಬಿ.ಕಾಂ., ಬಿ.ಎ. ಮುಗಿಸಿದ ಮಕ್ಕಳನ್ನು ಬೆಂಗಳೂರಿನ ಸಾಫ್ಟ್‌ವೇರ್ ತರಬೇತಿಗೆ ಸೇರಿಸುವ ಶುಲ್ಕಕ್ಕಾಗಿ. ಅವರಲ್ಲೊಬ್ಬರು ಮುಂದಿನ ಅಡಿಕೆ ಫಸಲನ್ನೇ ಆಧಾರವಾಗಿಡಲು ಸಿದ್ಧರಾಗಿ ಬಂದಿದ್ದರು.

"ಸೆಕ್ರೆಟರಿಗಳೇ, ಅವನಿಗೆ ಇಂಜಿನಿಯರಿಂಗ್ ಓದಿಸಲಿಕ್ಕೆ ನಮ್ಮಿಂದ ಆಗಲಿಲ್ಲ. ಈಗ ಆರು ತಿಂಗಳು ಕಲಿಸಿ ಕೆಲಸ ಕೊಡಿಸ್ತಾರಂತೆ. ಈ ಅವಕಾಶವೂ ತಪ್ಪಿದ್ರೆ ಹುಡುಗ ನಮ್ಮನ್ನೇ ದೂರ್ತಾನೆ," ಎಂದರು.

ಆರು ತಿಂಗಳು ತಡೆಯಿರಿ ಎಂದು ನಾವು ಅವರನ್ನು ಕೇಳಿಕೊಂಡೆವು. ಹಾಗೇಕೆ ಹೇಳಿದೆವೆಂಬುದನ್ನು ಎಲ್ಲ ಸದಸ್ಯ ಬಾಂಧವರಿಗೂ ತಿಳಿಸುವುದು ಲೇಸೆಂದು ಈ ಬರಹ.

ಕಂಪ್ಯೂಟರ್ ಪದವಿ ಇಲ್ಲದೆ ಈ ಕೆಲಸ ಸಾಧ್ಯವೇ ಎಂದರೆ, ಖಂಡಿತ ಸಾಧ್ಯ. ಅಮೆರಿಕದಲ್ಲಿ ಮೊಟ್ಟಮೊದಲ ಕಂಪ್ಯೂಟರ್ ವಿಜ್ಞಾನ ವಿಭಾಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ತೆರೆದದ್ದು 1962ರಲ್ಲಿ. ಅದಕ್ಕೆ ಮೊದಲು ಪ್ರೋಗ್ರಾಂ ಬರೆದವರಲ್ಲಿ ಬಹುಪಾಲು ಜನ ಬೇರೆ ವಿದ್ಯೆಯಿಂದ ಬಂದವರೇ. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಅಪೊಲೋ ನೌಕೆಯ ಸಾಫ್ಟ್‌ವೇರ್ ತಂಡದ ಮುಂದಾಳು ಮಾರ್ಗರೆಟ್ ಹ್ಯಾಮಿಲ್ಟನ್ ಓದಿದ್ದು ಗಣಿತ. ಆದ್ದರಿಂದ ಬಿ.ಕಾಂ. ಓದಿದವನಿಗೆ ಇದು ಒಗ್ಗದ ವಿದ್ಯೆಯೆಂದು ಯಾರೂ ಎದೆಗುಂದಬೇಕಿಲ್ಲ. ಆದರೆ ಆರೇ ತಿಂಗಳಲ್ಲಿ ಕೆಲಸವೆಂಬ ಮಾತನ್ನು ಮಾತ್ರ ಒರೆಗೆ ಹಚ್ಚಿ ನೋಡಬೇಕು.

ಈ ಮಾತನ್ನು ನಾವು ಪೆಟ್ಟು ತಿಂದೇ ಹೇಳುತ್ತಿದ್ದೇವೆ. ನಮ್ಮ ಅಣ್ಣನ ಮಗ ಬಿ.ಕಾಂ. ಮುಗಿಸಿ ಅಡಿಕೆ ಮಂಡಿಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವನು. ಅವನು ತರಬೇತಿಗೆ ಸೇರುತ್ತೇನೆಂದಾಗ ಸಾಲದ ಕಾಗದಕ್ಕೆ ಜಾಮೀನು ನಿಂತವರು ನಾವೇ. ಸಂಸ್ಥೆಯವರು ತೋರಿಸಿದ್ದು ಮೊದಲೇ ಚಿತ್ರೀಕರಿಸಿಟ್ಟ ಪಾಠಗಳನ್ನು. ಕೆಲಸದ ಭರವಸೆಗೆ ಕರಾರಿನ ಕೊನೆಯ ಪುಟದಲ್ಲಿ ಸಣ್ಣಕ್ಷರದ ಷರತ್ತುಗಳಿದ್ದವು. ಸಹಿ ಹಾಕುವಾಗ ಹುಡುಗನೂ ಅದನ್ನು ಓದಲಿಲ್ಲ, ಕರಾರುಪತ್ರಗಳ ನಡುವೆಯೇ ತಲೆ ನರೆತ ನಾವೂ ಓದಲಿಲ್ಲ. ಪಾಠ ಮುಗಿಯಿತು, ಕೆಲಸ ಸಿಗಲಿಲ್ಲ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತಲೇ ಇತ್ತು.

ಹುಡುಗ ಊರಿಗೆ ಮರಳಿ ಮತ್ತೆ ಮಂಡಿಯ ಲೆಕ್ಕಕ್ಕೇ ಕುಳಿತ. ರಾತ್ರಿ ಹೊತ್ತು ಅಂತರ್ಜಾಲದ ಪುಕ್ಕಟೆ ಪಾಠಗಳಿಂದ ಪೈಥಾನ್ ಎಂಬ ಭಾಷೆಯನ್ನು ಮೊದಲಿನಿಂದ ಕಲಿತ. ಮಂಡಿಗೆ ಬರುವ ಚೀಲಗಳ ತೂಕ, ದರ, ಮುಂಗಡ ಲೆಕ್ಕಹಾಕುವ ಸಣ್ಣದೊಂದು ಪ್ರೋಗ್ರಾಂ ಬರೆದ. ಮೊದಲ ದಿನವೇ ಅದು ಬೆಳೆಗಾರನಿಗೆ ಹೆಚ್ಚು ಹಣ ತೋರಿಸಿತು. ಖಾಲಿ ಚೀಲದ ತೂಕ ಕಳೆಯುವುದನ್ನೇ ಹುಡುಗ ಮರೆತಿದ್ದ! ಹಳೆಯ ಗುಮಾಸ್ತರು ನಕ್ಕು ತಪ್ಪನ್ನು ತೋರಿಸಿದರು. ಅದನ್ನು ತಿದ್ದಿದ ಮೇಲೆ ಮಂಡಿಯವರು ಒಂದು ಸುಗ್ಗಿಯುದ್ದಕ್ಕೂ ಆ ಪ್ರೋಗ್ರಾಮನ್ನೇ ಬಳಸಿದರು. ಮೈಸೂರಿನ ಸಣ್ಣ ಕಂಪನಿಯೊಂದರ ಸಂದರ್ಶನದಲ್ಲಿ ಅವನನ್ನು ಮುಕ್ಕಾಲು ಗಂಟೆ ಕೇಳಿದ್ದು ಈ ಪ್ರೋಗ್ರಾಂ ಬಗ್ಗೆಯೇ. ಕೆಲಸ ಸಿಗುವ ಹೊತ್ತಿಗೆ ಹದಿನೆಂಟು ತಿಂಗಳು ಕಳೆದಿದ್ದವು. ಮೊದಲ ಸಂಬಳ ಮಂಡಿಯ ಸಂಬಳಕ್ಕಿಂತ ಕಡಿಮೆಯೇ ಇತ್ತು. ಈಗ ಪರವಾಗಿಲ್ಲ.

ಕಲಿಯುವ ದಾರಿಗಳು ಬೇಕಾದಷ್ಟಿವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು ಉಚಿತ. ಪ್ರಮಾಣಪತ್ರ ಬೇಕೆಂದು ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಪಾಠಮಾಲೆ, 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಇವೆರಡಕ್ಕೂ ಹಣ ಕೊಡಬೇಕಿಲ್ಲ. ಪದವಿಯೇ ಬೇಕೆನ್ನುವವರಿಗೆ ಮದ್ರಾಸ್ ಐ.ಐ.ಟಿ. 2020ರಲ್ಲಿ ಮನೆಯಲ್ಲಿದ್ದೇ ಓದುವ ದತ್ತಾಂಶ ವಿಜ್ಞಾನದ ಪದವಿಯನ್ನು ತೆರೆಯಿತು. ಅದಕ್ಕೆ ಜೆ.ಇ.ಇ. ಕಡ್ಡಾಯವಲ್ಲ. ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಗೆದ್ದರೆ ಸಾಕು. ನಡುವೆ ಡಿಪ್ಲೊಮಾ ಪಡೆದು ನಿಲ್ಲಲೂ ಬಹುದು. ಶುಲ್ಕವುಂಟು, ಕುಟುಂಬದ ಆದಾಯ ನೋಡಿ ರಿಯಾಯಿತಿಯೂ ಉಂಟು. ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ಮೊದಲ ಎರಡು ತಿಂಗಳು ನಮ್ಮ ಮಕ್ಕಳಿಗೆ ತೊಡಕಾಗುವುದು ಸಹಜ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. ದೊಡ್ಡ ಕಂಪನಿಗಳು ಬಹುಮಟ್ಟಿಗೆ ಇಂಜಿನಿಯರಿಂಗ್ ಕಾಲೇಜುಗಳಿಗೇ ಹೋಗಿ ಹುಡುಗರನ್ನು ಆರಿಸುತ್ತವೆ. ಬಿ.ಸಿ.ಎ., ಬಿ.ಎಸ್ಸಿ. ಪದವೀಧರರನ್ನು ತೆಗೆದುಕೊಂಡು ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ವಿಪ್ರೊ ಯೋಜನೆಯಂಥವು ಇವೆಯಾದರೂ ಬಿ.ಎ., ಬಿ.ಕಾಂ. ಓದಿದವರಿಗೆ ಅಂಥ ಬಾಗಿಲುಗಳು ಕಡಿಮೆ. ಅವರು ಸಣ್ಣ ಕಂಪನಿಗಳಿಂದಲೇ ಮೊದಲಾಗಬೇಕು. ಅಮೆರಿಕದ ಎಚ್-1ಬಿ ವೀಸಾಕ್ಕೆ ಸಂಬಂಧಪಟ್ಟ ಪದವಿಯನ್ನೋ ಅದಕ್ಕೆ ಸಮನಾದ ಅರ್ಹತೆಯನ್ನೋ ಕೇಳುತ್ತಾರೆ. ಮೇಲಾಗಿ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳಲ್ಲಿ ಎಷ್ಟನ್ನೋ ಯಂತ್ರವೇ ಬರೆದುಕೊಡುತ್ತಿದೆ. ಅದು ಬರೆದುದರಲ್ಲಿ ಚೀಲದ ತೂಕ ಬಿಟ್ಟುಹೋಗಿದೆಯೇ ಎಂದು ಹಿಡಿಯಬಲ್ಲವನಿಗೆ ಈಗ ಬೆಲೆ ಹೆಚ್ಚು. ಮಂಡಿಯ, ಕ್ಯೂರಿಂಗ್ ವರ್ಕ್ಸಿನ, ಬ್ಯಾಂಕಿನ ವ್ಯವಹಾರ ಬಲ್ಲ ಮಕ್ಕಳಿಗೆ ಆ ತಿಳಿವಳಿಕೆಯೇ ಒಂದು ಬಂಡವಾಳ.

ಆದುದರಿಂದ ಸದಸ್ಯರಲ್ಲಿ ನಮ್ಮ ಅರಿಕೆ ಇಷ್ಟು. ಮೊದಲು ಆರು ತಿಂಗಳು, ದಿನಕ್ಕೆ ಎರಡು ಗಂಟೆ, ಮನೆಯಲ್ಲೇ ಕಲಿಯಲಿ. ಇರುವ ಕೆಲಸವನ್ನು ಬಿಡುವುದು ಬೇಡ. ಯಾರಾದರೊಬ್ಬರು ದಿನನಿತ್ಯ ಬಳಸುವಂಥ ಒಂದು ಪ್ರೋಗ್ರಾಮನ್ನು ಬರೆದು ಮುಗಿಸಲಿ. ಅನಂತರವೂ ತರಬೇತಿ ಬೇಕೆನಿಸಿದರೆ, ಆ ಸಂಸ್ಥೆಯ ಕಳೆದ ತಂಡದ ಮೂವರನ್ನು ನೀವೇ ಹುಡುಕಿ ಮಾತನಾಡಿಸಿ. ಕರಾರನ್ನು ಸಂಘಕ್ಕೆ ತನ್ನಿ, ಕೊನೆಯ ಪುಟವನ್ನು ಮೊದಲು ಓದೋಣ. ಫಸಲನ್ನು ಮಾತ್ರ ಒತ್ತೆಯಿಡಬೇಡಿ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಮಕ್ಕಳ ವಿದ್ಯೆಗೆ ಆರು ತಿಂಗಳು ಕಾಯುವುದು ದೊಡ್ಡದಲ್ಲ.

ಆಡಳಿತ ಮಂಡಳಿಯ ಒಪ್ಪಿಗೆಯಂತೆ ಕಛೇರಿಯ ಹಳೆಯ ಕಂಪ್ಯೂಟರನ್ನು ಸಂಜೆ ಆರರಿಂದ ಎಂಟರವರೆಗೆ ಸದಸ್ಯರ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇವೆ. ಆ ಮೂವರಲ್ಲಿ ಒಬ್ಬಳು ಎರಡೇ ತಿಂಗಳಲ್ಲಿ ಇದು ತನಗೆ ಒಗ್ಗದೆಂದು ಕಂಡುಕೊಂಡು ಬಿ.ಎಡ್.ಗೆ ಅರ್ಜಿ ಹಾಕಿದಳು. ಸಾಲವಿಲ್ಲದೆ ತಿಳಿದದ್ದು ಲಾಭವೇ ಸರಿ. ಇನ್ನೊಬ್ಬ ಬರುವುದನ್ನು ನಿಲ್ಲಿಸಿದ್ದಾನೆ. ಫಸಲು ಒತ್ತೆಯಿಡಲು ಬಂದವರ ಮಗ ಈ ಮಳೆಗಾಲದ ಕರೆಂಟಿಲ್ಲದ ಸಂಜೆಗಳಲ್ಲೂ ಬಂದು, ಜಗುಲಿಯಲ್ಲಿ ಕಾದು ಕುಳಿತಿದ್ದ. ಸಂಘದ ಗೊಬ್ಬರ ದಾಸ್ತಾನಿನ ಪಟ್ಟಿಯನ್ನು ಈಗ ಅವನ ಪ್ರೋಗ್ರಾಮೇ ಬರೆಯುತ್ತಿದೆ. ಕಳೆದ ವಾರ ಹನ್ನೆರಡು ಚೀಲ ಪೊಟ್ಯಾಷ್ ಹೆಚ್ಚು ತೋರಿಸಿತು, ಮರುದಿನವೇ ತಿದ್ದಿದ. ಅವನ ತಂದೆಯ ಅರ್ಜಿ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ. ಅದನ್ನು ವಾಪಸು ಪಡೆಯಲು ಅವರು ಬರುವ ದಿನವನ್ನು ನಾವು ಎದುರು ನೋಡುತ್ತಿದ್ದೇವೆ.